ನಾಲ್ಕನೇ ನಂಬರಿನ ಯಂತ್ರ ಎರಡು ಸಲ ಕೂಗಿದ ದಿನ

ಕೀಂ. ಆರೋಗ್ಯವಾಗಿರುವ ಕಂಪ್ಯೂಟರು ಆಗಿನ ಕಾಲದಲ್ಲಿ ಚಾಲೂ ಆಗುವಾಗ ಒಂದೇ ಸಲ ಹೀಗೆ ಕೂಗುತ್ತಿತ್ತು. ಹಾಜರಿ ಹೇಳಿದ ಹಾಗೆ. ಬೈಲಹೊಂಗಲದ ಬಜಾರದಲ್ಲಿ ಒಂದು ಹತ್ತಿ ಅಂಗಡಿಯ ಮಾಳಿಗೆಯ ಮೇಲೆ ನಮ್ಮ ಆರು ಯಂತ್ರಗಳಿದ್ದವು. ಬೆಳಿಗ್ಗೆ ನಾನು ಸಾಲಾಗಿ ಬಟನ್ ಒತ್ತುತ್ತ ಹೋದಂತೆ ಒಂದಾದ ಮೇಲೊಂದು ಕೀಂ, ಕೀಂ ಎಂದು ಹಾಜರಿ ಕೊಡುತ್ತಿದ್ದವು. ನಾಲ್ಕನೇ ನಂಬರಿನದು ಮಾತ್ರ ಕೆಲವು ಸೋಮವಾರ ಎರಡೆರಡು ಸಲ ಕೂಗುತ್ತಿತ್ತು. ಆ ಎರಡನೇ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಡುಗೆಮನೆಯಲ್ಲಿ ಯಾವುದೋ ಮಿಕ್ಸರು, ಯಾವುದೋ ಫ್ರಿಜ್ಜು ಎರಡು ಸಲ ಸದ್ದು ಮಾಡಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತೇನೆ.

ನಮ್ಮ ಪಕ್ಕದ ಮನೆಯ ಹುಡುಗಿಗೆ ಸವದತ್ತಿಯ ಒಂದು ಸಾಲೆಯಲ್ಲಿ ಕಂಪ್ಯೂಟರ್ ಟೀಚರ್ ಕೆಲಸ ಸಿಕ್ಕಿದೆ. ಪೇಢೆ ಕೊಡಲು ಬಂದವಳು, “ಆಂಟಿ, ನಿಮ್ಮ ಕಾಲದಾಗ ಹೆಂಗ ಕಲಿಸ್ತಿದ್ರಿ, ಸ್ವಲ್ಪ ಬರದ ಕೊಡ್ರೆಲಾ, ನಮ್ಮ ಟೀಚರ್ಸ್ ಗ್ರೂಪಿಗೆ ಹಾಕ್ತೇನಿ” ಅಂದಳು. ಗ್ರೂಪ್ ಎಂದಕೂಡಲೇ ನನಗೆ ಅನುಮಾನ. ಯಾರು ಯಾರು ಇದ್ದಾರೆ ಅದರಲ್ಲಿ, ಓದಿ ಎಲ್ಲೆಲ್ಲಿಗೆ ಕಳಿಸುತ್ತಾರೆ? ನಾನು ಫೋನು ಎತ್ತಿದರೂ ಮೊದಲು ಹಲೋ ಅನ್ನುವವಳಲ್ಲ. ಆ ಕಡೆಯವರು ಬಾಯಿ ಬಿಡಲಿ ಎಂದು ಕಾಯುತ್ತೇನೆ. ಆದರೂ ಬರೆಯಲು ಕುಳಿತಿದ್ದೇನೆ. ಒಂದು ವಿಷಯವನ್ನು ಯಾರಿಗಾದರೂ ಹೇಳಬೇಕಿತ್ತು. ಇವರಿಗೇ ಹೇಳುವುದು ಸರಿ ಅನ್ನಿಸಿತು.

ನಾನು ಕಲಿತದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ. ಮದುವೆಯಾಗಿ ಬೈಲಹೊಂಗಲಕ್ಕೆ ಬಂದಾಗ ಗೊತ್ತಿದ್ದ ವಿದ್ಯೆ ಎರಡೇ: ಇಂಗ್ಲಿಷ್ ಮತ್ತು ಟೈಪಿಂಗ್. ಹತ್ತಿ ಅಂಗಡಿಯ ಸಾವ್ಕಾರರು ಮಾಳಿಗೆಯ ಮೇಲೆ ಟೈಪಿಂಗ್ ಕ್ಲಾಸು ಇಟ್ಟಿದ್ದರು. ನಾನು ಅಲ್ಲಿ ಟೀಚರ್. ನಮ್ಮ ಕಡೆ ಹೆಣ್ಣುಮಕ್ಕಳು ಕಲಿಸಿದರೆ ಅಕ್ಕೋರ ಎನ್ನುತ್ತಾರೆ. ಊರಿಗೆಲ್ಲ ನಾನು ಟೈಪಿಂಗ್ ಅಕ್ಕೋರ. ಹದಿನೈದಿಪ್ಪತ್ತು ಟೈಪ್‌ರೈಟರು ಒಟ್ಟಿಗೆ ಓಡುವ ಆ ಸಪ್ಪಳದಲ್ಲಿ ಯಾರು ತಪ್ಪು ಒತ್ತಿದರು ಎಂದು ಬೆನ್ನು ತಿರುಗಿಸಿಕೊಂಡೇ ಹೇಳುತ್ತಿದ್ದೆ. ಹುಡುಗರು ನನಗೆ ಹೆದರುತ್ತಿದ್ದರು. ಐ ವಾಸ್ ಪ್ರೌಡ್ ಆಫ್ ಇಟ್. ಮುಂದಿನದಕ್ಕೆಲ್ಲ ಬೀಜ ಅದರಲ್ಲೇ ಇತ್ತು.

ಆಮೇಲೆ ಕಂಪ್ಯೂಟರು ಬಂತು. ಸಾವ್ಕಾರರು ಹುಬ್ಬಳ್ಳಿಯಿಂದ ಆರು ತರಿಸಿದರು. ನನ್ನನ್ನು ಎರಡು ತಿಂಗಳು ಧಾರವಾಡಕ್ಕೆ ಟ್ರೇನಿಂಗಿಗೆ ಕಳಿಸಿದರು. ತಿರುಗಿ ಬಂದವಳು ಟೈಪಿಂಗ್ ಅಕ್ಕೋರ ಇದ್ದದ್ದು ಕಂಪ್ಯೂಟರ್ ಅಕ್ಕೋರ ಆದೆ. ಇಷ್ಟೇ ನನ್ನ ಬಡ್ತಿ.

ಸಾವ್ಕಾರರಿಗೆ ಯಂತ್ರದ ಮೇಲೆ ಪ್ರೀತಿಯಿತ್ತು, ನಂಬಿಕೆಯಿರಲಿಲ್ಲ. ಪ್ರತಿಯೊಂದಕ್ಕೂ ಕೆಂಪು ಬಟ್ಟೆಯ ಗವಸು ಹೊಲಿಸಿದ್ದರು. ನಾನು ಮೊದಲ ಪಾಠದಲ್ಲಿ, ಕಂಪ್ಯೂಟರಿಗೆ ಮೆಮರಿ ಇರುತ್ತದೆ, ಒಳಗೆ ಹಾಕಿದ್ದನ್ನು ನೆನಪಿಟ್ಟುಕೊಳ್ಳುತ್ತದೆ ಎಂದು ಹೇಳಿದ್ದು ಅವರ ಕಿವಿಗೂ ಬಿದ್ದಿತ್ತು. ಅಂದಿನಿಂದ ಮನೆತನದ ಮಾತು ಆಡುವುದಿದ್ದರೆ ಮೊದಲು ಎದ್ದು ಹತ್ತಿರದ ಯಂತ್ರಕ್ಕೆ ಗವಸು ಹಾಕುತ್ತಿದ್ದರು.

“ಸಾವ್ಕಾರ್ರ, ಅದಕ್ಕ ಕಿವಿ ಇಲ್ರಿ,” ಎಂದೆ ಒಂದು ದಿನ.

“ಇವತ್ತ ಇಲ್ಲರೀ ಅಕ್ಕೋರ. ನಾಳಿ ಬರಂಗಿಲ್ಲಂತ ನೀವು ಬರದ ಕೊಡ್ತೀರೇನು?”

ಆಗ ನಕ್ಕಿದ್ದೆ. ಈಗ ನನ್ನ ಫೋನು, ನಾನು ಮಂಡಿನೋವಿನ ಬಗ್ಗೆ ತಂಗಿಯ ಜೊತೆ ಮಾತಾಡಿದ ಮರುದಿನವೇ ಮಂಡಿಗೆ ಹಚ್ಚುವ ಎಣ್ಣೆಯ ಜಾಹೀರಾತು ತೋರಿಸುತ್ತದೆ. ಸಾವ್ಕಾರರು ಇದ್ದಿದ್ದರೆ ಒಂದು ಗವಸು ಹೊಲಿಸಿಕೊಡಿ ಎಂದು ಕೇಳುತ್ತಿದ್ದೆ.

ಪಾಠ ಶುರುವಾಗುತ್ತಿದ್ದದ್ದು ಇತಿಹಾಸದಿಂದ. ಮಣಿಗಳ ಚೌಕಟ್ಟು, ಹಲ್ಲಿನ ಗಾಲಿಗಳ ಲೆಕ್ಕದ ಯಂತ್ರ, ಆಮೇಲೆ ಫಸ್ಟ್ ಜನರೇಷನ್ನು, ಗಾಜಿನ ವಾಲ್ವು, ಒಂದು ಕೋಣೆ ತುಂಬುವ ಕಂಪ್ಯೂಟರು. ಸೆಕೆಂಡ್ ಜನರೇಷನ್ನು, ಟ್ರಾನ್ಸಿಸ್ಟರು. ಹುಡುಗಿಯರು ಇದನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದರು. ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳುತ್ತಿದ್ದವರು ಇಬ್ಬರೇ.

ಒಬ್ಬರು ಮುರಗೋಡದ ಗುರಪ್ಪ. ಐವತ್ತು ದಾಟಿದ ಗುಮಾಸ್ತರು. ಕಚೇರಿಯವರು ಕಲಿಯಲೇಬೇಕು ಎಂದದ್ದಕ್ಕೆ ಬಂದಿದ್ದರು. ಹತ್ತು ಹಳ್ಳಿಗಳ ಜನಸಂಖ್ಯೆ ಕೂಡಿಸಿರಿ ಎಂದು ಯಂತ್ರಕ್ಕೆ ಹೇಳುವುದನ್ನು ಕಲಿಸಿದರೆ, ಉತ್ತರ ಬಂದ ಮೇಲೆ ಕಿಸೆಯಿಂದ ಪೆನ್ಸಿಲ್ ತೆಗೆದು ಕೈಯಿಂದ ಮತ್ತೊಮ್ಮೆ ಕೂಡಿಸುವರು.

“ಗುರಪ್ಪನವರ, ವೈ ಡು ಯು ವೇಸ್ಟ್ ಟೈಮ್? ಮಷೀನು ತಪ್ಪು ಮಾಡಂಗಿಲ್ರಿ,” ಎಂದೆ.

“ಮಾಡಂಗಿಲ್ಲ, ಖರೇನ ರೀ. ಆದ್ರ ಅದಕ್ಕ ಹೇಳಿದಾಂವ ಮನಷ್ಯಾ ಅದಾನಲ್ರಿ ಅಕ್ಕೋರ.”

ಕ್ಲಾಸು ನಕ್ಕಿತು. ನಾನು ನಗಲಿಲ್ಲ, ನನ್ನನ್ನೇ ಅಂದರೇನೋ ಎಂದು ಸಂಶಯವಾಯಿತು.

ಇನ್ನೊಬ್ಬಳು ಸುಜಾತಾ. ಕಿತ್ತೂರಿನ ಕಡೆಯ ಎಂ.ಕೆ. ಹುಬ್ಬಳ್ಳಿ ಎಂಬ ಊರಿನ ಹತ್ತಿರದ ಹಳ್ಳಿಯವಳು. ಬೈಲಹೊಂಗಲದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಕಲಿಯುತ್ತಿದ್ದಳು. ಊರ ಅಂಚಿನ ಕೇರಿಯಲ್ಲಿ ಆ ಮನೆ. ತಾಯಿ ಕಬ್ಬು ಕಡಿಯುವವಳು. ಚಿಕ್ಕವಳಿದ್ದಾಗ ತಾಯಿಯ ಜೊತೆ ಕಬ್ಬಿನ ಗಾಡಿಯ ಮೇಲೆ ಕುಳಿತು ಸಕ್ಕರೆ ಕಾರ್ಖಾನೆಯ ತೂಕದ ಮನೆಗೆ ಹೋಗುತ್ತಿದ್ದಳಂತೆ. ಅಲ್ಲಿ ಒಂದು ಕಿಟಕಿ. ಒಳಗೆ ಒಬ್ಬ ಕುಳಿತು ಚೀಟಿ ಬರೆದು ಹೊರಗೆ ಚಾಚುತ್ತಾನೆ. ಚೀಟಿಯಲ್ಲಿ ಏನಿದೆ ಎಂದು ತಾಯಿಗೆ ಓದಲು ಬರುವುದಿಲ್ಲ. ಅವನು ಹೇಳಿದ್ದೇ ತೂಕ.

“ನಂಗ ಆ ಕಿಟಕಿ ಒಳಗ ಕುಂದ್ರಬೇಕಾಗೇತ್ರಿ ಅಕ್ಕೋರ,” ಎಂದಿದ್ದಳು. “ಈಗ ಅಲ್ಲಿ ಕಂಪ್ಯೂಟರ್ ಬಂದೇತಿ. ಸರ್ಟಿಫಿಕೇಟ್ ಇದ್ದವರನ್ನ ತಗೋತಾರಂತ. ಕಬ್ಬಿನ ಹಂಗಾಮ ಚಾಲೂ ಆಗೂದ್ರಾಗ ಬೇಕ್ರಿ.”

ಅವಳಿಗೆ ಮನೆಯಲ್ಲಿ ಕಂಪ್ಯೂಟರಿಲ್ಲ, ಯಾರ ಮನೆಯಲ್ಲಿತ್ತು? ಆದರೆ ಭಾನುವಾರವೂ ಬಂದು ಅಭ್ಯಾಸ ಮಾಡುತ್ತೇನೆ ಎಂದು ಕೇಳಿದವಳು ಅವಳೊಬ್ಬಳೇ. ಸಾವ್ಕಾರರು ಒಲ್ಲದ ಮನಸ್ಸಿನಿಂದ, ನನ್ನ ಮಾತಿನ ಮೇಲೆ, ಭಾನುವಾರದ ಕೀಲಿ ಅವಳಿಗೆ ಕೊಡಲು ಒಪ್ಪಿದರು. ಅವಳು ಕೂಡುತ್ತಿದ್ದದ್ದು ನಾಲ್ಕನೇ ನಂಬರಿನ ಮುಂದೆ. ಉಳಿದವರು ಅದನ್ನು ಬಿಟ್ಟಿದ್ದರು, ಕೀಬೋರ್ಡಿನ ಎರಡು ಅಕ್ಷರ ಗಟ್ಟಿಯಾಗಿ ಒತ್ತಬೇಕಿತ್ತು.

ಹೊಸ ಶತಮಾನ ಬಂದರೆ ಜಗತ್ತಿನ ಕಂಪ್ಯೂಟರುಗಳೆಲ್ಲ ತಾರೀಖು ಮರೆತು ಕೆಟ್ಟುಹೋಗುತ್ತವೆ ಎಂದು ಪೇಪರಿನವರು ನಮ್ಮನ್ನು ಹೆದರಿಸಿ, ಏನೂ ಆಗದೆ ಆ ಜನವರಿ ದಾಟಿದ ವರ್ಷ ಅದು. ಆ ವರ್ಷದ ಪ್ರ್ಯಾಕ್ಟಿಕಲ್ ಪರೀಕ್ಷೆ ದಸರೆ ಮುಗಿದ ಮರುದಿನವೇ, ಅಕ್ಟೋಬರ್ ಒಂಬತ್ತು, ಸೋಮವಾರ.

ನಮ್ಮಲ್ಲಿ ದಸರೆಯ ಖಂಡೇ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಆಯುಧಗಳಿಗೆ ವಿಶ್ರಾಂತಿ. ರಂಟೆ, ಕುಡಗೋಲು, ತಕ್ಕಡಿ, ಹೊಲಿಗೆ ಮಷೀನು ಏನಿದ್ದರೂ ತೊಳೆದು, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಇಡುವುದು, ಮುಟ್ಟುವಂತಿಲ್ಲ. ಸಾವ್ಕಾರರ ಪ್ರಕಾರ ಕಂಪ್ಯೂಟರೂ ಆಯುಧವೇ. ಶುಕ್ರವಾರ ಸಂಜೆಯೇ ಆರೂ ಯಂತ್ರಗಳ ವೈರು ಕಿತ್ತು, ಒರೆಸಿ, ಹೂವು ಹಾಕಿ, ಗವಸು ಮುಚ್ಚಿದೆವು. ವೈರು ಒರೆಸಿದವಳು ಸುಜಾತಾ. ಕಂಪ್ಯೂಟರಿನೊಳಗೆ ಒಂದು ಪುಟ್ಟ ಬ್ಯಾಟರಿ ಇರುತ್ತದೆ, ಗುಂಡಿಯಷ್ಟು. ಕರೆಂಟಿಲ್ಲದಾಗ ತಾರೀಖು, ವೇಳೆ ನೆನಪಿಡುವುದು ಅದರ ಕೆಲಸ. ನಾಲ್ಕನೇ ನಂಬರಿನ ಬ್ಯಾಟರಿಗೆ ವಯಸ್ಸಾಗಿತ್ತು. ಒಂದು ರಾತ್ರಿ ತಾಳುತ್ತಿತ್ತು, ಎರಡು ಮೂರು ದಿನ ತಾಳುತ್ತಿರಲಿಲ್ಲ. ಆಗ ಎರಡು ಸಲ ಕೂಗಿ, ಇವತ್ತು ಎಷ್ಟನೇ ತಾರೀಖು ಎಂದು ನಮ್ಮನ್ನೇ ಕೇಳುತ್ತಿತ್ತು. ದಿನಾ ನಾವು ಉತ್ತರ ಕೊಡುತ್ತಿರಲಿಲ್ಲ. ಎಂಟರ್, ಎಂಟರ್ ಎಂದು ಒತ್ತಿ ಮುಂದೆ ಹೋಗುತ್ತಿದ್ದೆವು. ತಾರೀಖು ಯಾರಿಗೆ ಬೇಕಿತ್ತು?

ಆ ಸೋಮವಾರ ಬೆಳಿಗ್ಗೆ ಒಣಗಿದ ಹೂವು ತೆಗೆಯುತ್ತ ಬಟನ್ ಒತ್ತುತ್ತ ಹೋದೆ. ಕೀಂ, ಕೀಂ, ಕೀಂ. ನಾಲ್ಕನೆಯದು ಎರಡು ಸಲ ಕೂಗಿ ತಾರೀಖು ಕೇಳಿತು. ಬಾಗಿಲಲ್ಲಿ ಮೊದಲನೇ ಬ್ಯಾಚಿನ ಆರು ಜನ, ಸುಜಾತಾಳೂ ಸೇರಿ, ಕಾಯುತ್ತಿದ್ದರು, ಆ ಸಲ ಪರೀಕ್ಷೆ ಅವರಿಗಷ್ಟೇ. ಪರೀಕ್ಷೆಯ ದಿನವಲ್ಲವೇ, ಎಲ್ಲ ಶಿಸ್ತಾಗಿರಲಿ ಎಂದು ನಿಂತಲ್ಲೇ ಬಗ್ಗಿ ಟೈಪ್ ಮಾಡಿದೆ: ಒಂಬತ್ತು, ಹತ್ತು, ವರ್ಷ. ಎಂಟರ್. ಯಂತ್ರ ಮರುಮಾತಾಡದೆ ಒಪ್ಪಿಕೊಂಡಿತು.

ಪ್ರಶ್ನೆ ನಾನೇ ತೆಗೆದದ್ದು: ಸಾಲೆಯ ವಾರ್ಷಿಕ ಗ್ಯಾದರಿಂಗಿಗೆ ಪಾಲಕರನ್ನು ಕರೆಯುವ ಇಂಗ್ಲಿಷ್ ಪತ್ರ, ಕೆಳಗೆ ಕಾರ್ಯಕ್ರಮಗಳ ಕೋಷ್ಟಕ. ಮುಗಿದ ಮೇಲೆ ತಂತಮ್ಮ ಫ್ಲಾಪಿಗೆ ಸೇವ್ ಮಾಡಿ ಕೊಡುವುದು. ಮಧ್ಯಾಹ್ನ ಫ್ಲಾಪಿಗಳನ್ನು ಒಂದೊಂದಾಗಿ ಹಾಕಿ ತೆರೆದೆ. ಸುಜಾತಾಳದು ಒಂದೂ ತಪ್ಪಿಲ್ಲದ ಪತ್ರ. ಮಾರ್ಜಿನ್ನು ಕೂಡ ನೆಟ್ಟಗೆ. ನನಗೆ ಸಂತೋಷವಾಗಬೇಕಿತ್ತು. ಆಗಿದ್ದು ಬೇರೆ. ಟೂ ಗುಡ್, ಎಂದುಕೊಂಡೆ.

ಆಮೇಲೆ ಫೈಲಿನ ತಾರೀಖು ನೋಡಿದೆ.

ಆ ಯಂತ್ರಗಳು ತಾರೀಖನ್ನು ಅಮೆರಿಕದವರ ರೀತಿಯಲ್ಲಿ ಹಿಡಿಯುತ್ತವೆ: ಮೊದಲು ತಿಂಗಳು, ಆಮೇಲೆ ದಿನ. ಇದನ್ನು ನಾನೇ ಬೋರ್ಡಿನ ಮೇಲೆ ಬರೆದು ಕಲಿಸಿದ್ದೆ. ಐದು ಜನರ ಫೈಲಿನ ಮೇಲೆ ಹತ್ತು, ಒಂಬತ್ತು ಎಂದಿತ್ತು. ಅಂದರೆ ಅಕ್ಟೋಬರ್ ಒಂಬತ್ತು. ಸುಜಾತಾಳ ಫೈಲಿನ ಮೇಲೆ ಒಂಬತ್ತು, ಹತ್ತು. ಸೆಪ್ಟೆಂಬರ್ ಹತ್ತು.

ಗೋಡೆಯ ಕ್ಯಾಲೆಂಡರ್ ತಿರುವಿದೆ. ಸೆಪ್ಟೆಂಬರ್ ಹತ್ತು ಭಾನುವಾರ. ಭಾನುವಾರ ಕೀಲಿ ಯಾರ ಹತ್ತಿರ? ಪ್ರಶ್ನೆಪತ್ರಿಕೆಯನ್ನು ನಾನು ಟೈಪ್ ಮಾಡಿಟ್ಟದ್ದು ಸೆಪ್ಟೆಂಬರ್ ಮೊದಲ ವಾರ, ಅದೇ ಕೋಣೆಯಲ್ಲಿ. ಒಂದು ಫೈಲನ್ನು ಬೇರೆ ಕಡೆಗೆ ಕಾಪಿ ಮಾಡಿದರೂ ಹಳೆಯ ತಾರೀಖೇ ಉಳಿಯುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಲೆಕ್ಕ ಸರಿಹೋಯಿತು: ಪ್ರಶ್ನೆ ಕದ್ದು ನೋಡಿದ್ದಾಳೆ, ಉತ್ತರ ಮಾಡಿಟ್ಟಿದ್ದಾಳೆ, ಇವತ್ತು ಬರೀ ಕಾಪಿ ಮಾಡಿದ್ದಾಳೆ. ನಾಲ್ಕನೇ ನಂಬರಿನ ಒಳಗೆಲ್ಲ ಹಳೆಯ ಫೈಲನ್ನು ಹುಡುಕಿದೆ. ಸಿಗಲಿಲ್ಲ. ಅಳಿಸಿರಬೇಕು ಎಂದುಕೊಂಡೆ. ಸಂಶಯ ಹಾಗೆ, ಸಿಕ್ಕರೂ ಪುರಾವೆ, ಸಿಗದಿದ್ದರೂ ಪುರಾವೆ.

ಬೆಳಿಗ್ಗೆ ನಾನೇ ಬಗ್ಗಿ ತಾರೀಖು ಹೊಡೆದದ್ದು ನೆನಪಾಗಲಿಲ್ಲವೇ ಎಂದು ಕೇಳುತ್ತೀರಿ. ಇಲ್ಲ. ಬೆಳಿಗ್ಗೆ ಯಾವ ಕೈಯಿಂದ ಬಾಗಿಲು ತೆಗೆದಿರಿ ಎಂದು ನಿಮಗೆ ನೆನಪಿದೆಯೇ?

ಮರುದಿನ ಅವಳನ್ನು ಸಾವ್ಕಾರರ ಮುಂದೆ ಕರೆಸಿದೆ. ಫೈಲು ತೋರಿಸಿ ಕೇಳಿದೆ.

“ನಿನ್ನೆನ ಮಾಡೇನ್ರಿ ಅಕ್ಕೋರ. ನಿಮ್ಮ ಮುಂದ ಕುಂತ ಮಾಡೇನಿ.”

“ಹಾಗಾದರೆ ಈ ಡೇಟ್ ಎಲ್ಲಿಂದ ಬಂತು? ಕಂಪ್ಯೂಟರ್ ಸುಳ್ಳು ಹೇಳುತ್ತದೆಯೇ?”

ಅವಳು ಫೈಲನ್ನು ನೋಡಿದಳು. ನನ್ನನ್ನು ನೋಡಿದಳು. “ನಿನ್ನೆ ಮುಂಜಾನೆ ನಾಕನೇದು ಎರಡ ಸಲ ಕೂಗಿತ್ರಿ ಅಕ್ಕೋರ,” ಎಂದಳು.

“ಡೋಂಟ್ ಚೇಂಜ್ ದ ಸಬ್ಜೆಕ್ಟ್!”

ಅಷ್ಟೇ. ಸಾವ್ಕಾರರು ಅವಳು ಹೋದ ಮೇಲೆ ನಾಲ್ಕನೇ ನಂಬರಿಗೆ ಗವಸು ಹಾಕಿ, “ಆ ಕೇರಿ ಮಂದೀ ಕೈಯಾಗ ಕೀಲಿ ಕೊಟ್ಟದ್ದ ತಪ್ಪಾತು ನೋಡ್ರಿ,” ಎಂದರು. ನಾನು ಆ ಮಾತು ಆಡಲಿಲ್ಲ. ಬ್ಯಾಡ್ರಿ ಹಂಗ ಅನಬ್ಯಾಡ್ರಿ ಎಂದೂ ಹೇಳಲಿಲ್ಲ. ಮೂರನೇ ನಂಬರಿನಲ್ಲಿ ಕೂಡುತ್ತಿದ್ದದ್ದು ಕಾಳಿನ ದೊಡ್ಡ ವ್ಯಾಪಾರಿಯೊಬ್ಬರ ಮಗಳು. ಅದೇ ತಾರೀಖು ಅವಳ ಫೈಲಿನ ಮೇಲೆ ಇದ್ದಿದ್ದರೆ ನಾನು ಮೊದಲು ಯಂತ್ರವನ್ನು ಪರೀಕ್ಷಿಸುತ್ತಿದ್ದೆನೇ? ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತು. ಬರೆಯಲು ಕೈ ಬರುವುದಿಲ್ಲ, ಆದರೆ ಗೊತ್ತು.

ಸುಜಾತಾ ಫೇಲು. ರಿಜಿಸ್ಟರಿನಲ್ಲಿ ಮಾಲ್‌ಪ್ರ್ಯಾಕ್ಟಿಸ್ ಎಂದು ನನ್ನ ದುಂಡನೆಯ ಕಾನ್ವೆಂಟ್ ಅಕ್ಷರದಲ್ಲಿ ಬರೆದೆ. ಅವಳು ಕೀಲಿ ತಂದು ಮೇಜಿನ ಮೇಲಿಟ್ಟು ಹೋದಳು. ಕಬ್ಬಿನ ಹಂಗಾಮು ಶುರುವಾಯಿತು. ಊರಿನ ನಡುವೆ ಟ್ರ್ಯಾಕ್ಟರುಗಳು ಜೋಡಿ ಟ್ರೇಲರ್ ಎಳೆಯುತ್ತ ಹೋಗತೊಡಗಿದವು. ತೂಕದ ಮನೆಯ ಕಿಟಕಿಯೊಳಗೆ ಬೇರೆ ಯಾರೋ ಕುಳಿತರು.

ಇನ್ನೊಂದು ತಿಂಗಳಿಗೆ ದೀಪಾವಳಿ ಮುಗಿದಿತ್ತು. ಲಕ್ಷ್ಮೀ ಪೂಜೆಗೆ ಮತ್ತೆ ವೈರು ಕಿತ್ತಿದ್ದೆವು. ರಜೆ ಮುಗಿದ ಬೆಳಿಗ್ಗೆ ಸಾಲಾಗಿ ಬಟನ್ ಒತ್ತಿದೆ. ನಾಲ್ಕನೆಯದು ಕೂಗಿತು. ಕೀಂ, ಕೀಂ. ಪರದೆಯ ಮೇಲೆ ತಾರೀಖಿನ ಪ್ರಶ್ನೆ. ಎರಡನೇ ಬ್ಯಾಚಿನ ಜನವರಿ ಪರೀಕ್ಷೆಗೆ ತಯಾರಿ ನಡೆದಿತ್ತು, ಶಿಸ್ತಾಗಿರಲಿ ಎಂದು ಕೈ ತಾನಾಗಿ ಹೋಯಿತು: ಮೊದಲು ದಿನ, ಆಮೇಲೆ ತಿಂಗಳು.

ಕೈ ಅಲ್ಲೇ ನಿಂತಿತು.

ಕಾನ್ವೆಂಟಿನಲ್ಲಿ ದಿನಾ ನೋಟ್‌ಬುಕ್ಕಿನ ಬಲಮೂಲೆಯಲ್ಲಿ ತಾರೀಖು ಬರೆಯದೆ ಪಾಠವಿಲ್ಲ. ಮೊದಲು ದಿನ, ಆಮೇಲೆ ತಿಂಗಳು. ತಪ್ಪಿದರೆ ಸಿಸ್ಟರು ಗೆಣ್ಣಿನ ಮೇಲೆ ಸ್ಕೇಲಿನಿಂದ ತಟ್ಟುತ್ತಿದ್ದರು. ಅಮೆರಿಕದ ರೀತಿ ನನ್ನ ತಲೆಗೆ ಗೊತ್ತಿತ್ತು. ಕೈಗೆ ಗೊತ್ತಿದ್ದದ್ದು ಸಿಸ್ಟರ ರೀತಿ. ಹೊಡೆಯುವಾಗ ಕೈ ಹೊಡೆದಿತ್ತು, ಓದುವಾಗ ತಲೆ ಓದಿತ್ತು. ನಡುವೆ ಆ ಹುಡುಗಿ ಸಿಕ್ಕಿಕೊಂಡಿದ್ದಳು.

ಖಾತ್ರಿ ಮಾಡಿಕೊಳ್ಳಲು ಒಂದು ಖಾಲಿ ಫೈಲು ಮಾಡಿ ನೋಡಿದೆ. ನಾಲ್ಕು ಸಲ ನೋಡಿದೆ. ಗುರಪ್ಪನವರ ಪೆನ್ಸಿಲ್ ನೆನಪಾಯಿತು.

ಸಾವ್ಕಾರರಿಗೆ ಅವತ್ತೇ ಹೇಳಿದೆ. ಅವರು ಎದ್ದು ಯಂತ್ರಕ್ಕೆ ಗವಸು ಹಾಕಿದರು.

“ಯಾರಿಗರ ಹೇಳೀರೇನು?”

“ಇಲ್ರಿ.”

“ಹೇಳಬ್ಯಾಡ್ರಿ. ಅಕ್ಕೋರಿಗೇ ತಾರೀಖು ಹೊಡಿಯಾಕ ಬರಂಗಿಲ್ಲಂದ್ರ ಯಾರು ಕಳಸ್ತಾರ್ರಿ ಹೆಣ್ಣಮಕ್ಕಳನ್ನ ಇಲ್ಲಿಗೆ? ಆಕೀನ್ನ ಜನವರಿ ಪರೀಕ್ಷಾಕ ಕುಂದ್ರಸ್ರಿ. ಕನಿಕರಾ ಮಾಡಿ ಕುಂದ್ರಸೇವಿ ಅನ್ರಿ. ಆಕೀದೂ ಆಕ್ಕೇತಿ, ನಮ್ದೂ ಉಳೀತೇತಿ.”

ನಾನು ವಾದ ಮಾಡಿದೆನೆಂದು ಬರೆದರೆ ಚೆಂದ ಇರುತ್ತಿತ್ತು. ಮಾಡಲಿಲ್ಲ. ನನಗೂ ಅದೇ ಬೇಕಾಗಿತ್ತು. ಹೆಸರಿತ್ತಲ್ಲ ನನಗೆ, ಬೆನ್ನು ತಿರುಗಿಸಿಕೊಂಡೇ ತಪ್ಪು ಹಿಡಿಯುವ ಅಕ್ಕೋರ ಎಂದು.

ಜನವರಿಯಲ್ಲಿ ಸುಜಾತಾ ಬಂದು ಪರೀಕ್ಷೆಗೆ ಕುಳಿತಳು, ಅದೇ ನಾಲ್ಕನೇ ನಂಬರಿಗೆ. ಪಾಸಾದಳು. ಸರ್ಟಿಫಿಕೇಟ್ ಕೊಡುವಾಗ, “ಈ ಸಲ ಕ್ಷಮಿಸೇವಿ. ಮುಂದ ಹುಷಾರಾಗಿರು,” ಎಂದೆ. ನಾನೇ ಎಂದೆ, ಈ ಬಾಯಿಯಿಂದ. ಅವಳು ಬಗ್ಗಿ ನನ್ನ ಎರಡೂ ಪಾದ ಮುಟ್ಟಿ ನಮಸ್ಕಾರ ಮಾಡಿದಳು. ಎದ್ದು ಮುಖ ನೋಡದೆ ಮೆಟ್ಟಿಲಿಳಿದು ಹೋದಳು. ಅವತ್ತು ಮನೆಗೆ ಬಂದು ಕಾಲು ತೊಳೆದುಕೊಂಡೆ, ಮತ್ತೆ ತೊಳೆದುಕೊಂಡೆ.

ಉಳಿದ ನೌಕರಿಯ ಕಾಲದಲ್ಲಿ ಬೇಕಾದಷ್ಟು ಆಯಿತು. ಇಂಟರ್ನೆಟ್ಟು ಬಂತು. ಫೋನಿನ ವೈರನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಅದು ಗರಗರ ಎಂದು ಗಂಟಲು ಸರಿಮಾಡಿಕೊಂಡು, ಒಂದು ಚಿತ್ರ ಮೇಲಿನಿಂದ ಕೆಳಗೆ ಗೆರೆಗೆರೆಯಾಗಿ ಇಳಿಯುವುದನ್ನು ಮೂವತ್ತು ಜನ ಉಸಿರು ಹಿಡಿದು ನೋಡಿದೆವು. ಸಾವ್ಕಾರರು ಕುರ್ಚಿ ಹಾಕಿಕೊಂಡು ಹುಡುಗಿಯರ ಬೆನ್ನ ಹಿಂದೆಯೇ ಕೂಡತೊಡಗಿದರು, ಯಾರು ಯಾರಿಗೆ ಏನು ಬರೆಯುತ್ತಾರೋ ಎಂದು. ಅವರು ತೀರಿಕೊಂಡ ಮೇಲೆ ಅಂಗಡಿಯ ಮಾಳಿಗೆ ಮುಚ್ಚಿತು. ನಾನು ಕಿತ್ತೂರಿನ ಒಂದು ಸಾಲೆ ಸೇರಿ ಅಲ್ಲಿಂದಲೇ ರಿಟೈರ್ ಆದೆ. ನಡುವೆ ರಾಮದುರ್ಗದಲ್ಲಿ ಮಾಸ್ತರರಿಗೆ ಟ್ರೇನಿಂಗ್ ಕೊಡಲು ಹೋಗುತ್ತಿದ್ದೆ. ಅಲ್ಲೊಬ್ಬರು ಹೆಡ್‌ಮಾಸ್ತರರು ಯಾರೋ ಕದಿಯುತ್ತಾರೆ ಎಂದು ದಿನಕ್ಕೊಂದು ಪಾಸ್‌ವರ್ಡ್ ಬದಲಿಸಿ, ನಾಲ್ಕನೇ ದಿನ ತಾವೇ ಹೊರಗುಳಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. “ನೀವ್ಯಾಕ ನಗವಲ್ರಿ ಮೇಡಂ?” ಎಂದು ಅವರೇ ಕೇಳಿದರು. ನಾನು ಹೊಸ ಪಾಸ್‌ವರ್ಡ್ ಹಾಕಿಕೊಡಲು ಕುಳಿತೆ.

ನನ್ನ ಕಲಿಸುವ ರೀತಿ ಬದಲಾಗಿತ್ತು. ಮೊದಲ ದಿನ ಇತಿಹಾಸ ಹೇಳುವುದನ್ನು ಬಿಟ್ಟೆ. ಬದಲಿಗೆ ಮಕ್ಕಳ ಎದುರು ಒಂದು ಯಂತ್ರಕ್ಕೆ ಬೇಕೆಂದೇ ತಪ್ಪು ತಾರೀಖು ಕೊಟ್ಟು, ಒಂದು ಫೈಲು ಮಾಡಿಸಿ, ಈಗ ಈ ಫೈಲು ಯಾವತ್ತು ಹುಟ್ಟಿತು ಹೇಳಿರಿ ಎಂದು ಕೇಳುತ್ತಿದ್ದೆ. ಅರ್ಧ ಕ್ಲಾಸು ಪರದೆ ನೋಡಿ ಹೇಳುತ್ತಿತ್ತು, ಅರ್ಧ ಕ್ಲಾಸು ಗೋಡೆಯ ಕ್ಯಾಲೆಂಡರ್ ನೋಡಿ. ನೀವೂ ಮಾಡಿ ನೋಡಿರಿ. ಅದು ಯಾಕೆ ಎಂದು ಯಾರಿಗೂ ನಾನು ಹೇಳಿರಲಿಲ್ಲ. ಇವತ್ತಿನವರೆಗೆ.

ಈಗ ಕೊನೆಯದು.

ಹೋದ ವರ್ಷ ದಸರೆಯಾದ ಮೂರನೇ ದಿನ, ತಂಗಿಯ ಮಗಳು ಕಾರಿನಲ್ಲಿ ಕಿತ್ತೂರಿಗೆ ಕರೆದುಕೊಂಡು ಹೋಗುತ್ತಿದ್ದಳು. ಸುಜಾತಾ ತನ್ನೂರ ಕಡೆಯೇ, ಎಂ.ಕೆ. ಹುಬ್ಬಳ್ಳಿಯ ಹತ್ತಿರದ ಒಂದು ತೂಕದ ಮನೆಯಲ್ಲಿದ್ದಾಳೆ, ಬಹಳ ವರ್ಷವಾಯಿತು ಎಂದು ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳಿದ್ದಳು. ಕಾರು ಆ ಕಡೆ ತಿರುಗಿಸು ಎಂದೆ. ಬ್ಯಾಗಿನಲ್ಲಿ ಬನ್ನಿ ಎಲೆ ಇಟ್ಟುಕೊಂಡಿದ್ದೆ. ನಮ್ಮ ಕಡೆ ದಸರೆಗೆ ಬನ್ನಿ ಕೊಟ್ಟು ಬಂಗಾರದಂಗ ಇರೂಣು ಅನ್ನುತ್ತೇವೆ. ಆದದ್ದು ಹೋದದ್ದು ಬಿಟ್ಟುಬಿಡುವುದು ಎಂದು ಅರ್ಥ. ಚಿಕ್ಕವರು ದೊಡ್ಡವರಿದ್ದಲ್ಲಿಗೆ ಬಂದು ಕೊಡಬೇಕು. ದೊಡ್ಡವರು ತಾವೇ ಹೋಗುವುದಿಲ್ಲ.

ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ನಮ್ಮ ಮಾತಿನಲ್ಲಿ ಪಾಳಿ, ಉದ್ದಕ್ಕೆ ನಿಂತಿತ್ತು. ಕಿಟಕಿಯ ಗಾಜಿನ ಒಳಗೆ ಸುಜಾತಾ. ಕನ್ನಡಕ, ಕಿವಿಯ ಹತ್ತಿರ ನರೆಗೂದಲು. ಅವಳ ಎದುರು ತೆಳ್ಳನೆಯ ಹೊಸ ಪರದೆ. ಚೀಟಿ ಹೊರಗೆ ಚಾಚುವ ಮೊದಲು ಟ್ರ್ಯಾಕ್ಟರಿನವನಿಗೆ ಜೋರಾಗಿ ಓದಿ ಹೇಳುತ್ತಿದ್ದಳು, ಗಾಡಿ ನಂಬರು, ತೂಕ, ತಾರೀಖು. “ನೋಡಿ ತಗೋ ಅಪ್ಪಾ. ಓದಾಕ ಬರದಿದ್ರ ಇನ್ನೊಬ್ಬರಿಗೆ ತೋರಿಸಿ ತಗೋ.”

ನನ್ನ ಗುರುತು ಹಿಡಿಯಲು ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ.

“ಅಕ್ಕೋರ! ಇಲ್ಲ್ಯಾಕ ಬಂದ್ರಿ ಧೂಳಾಗ?”

ಕಾರಿನಲ್ಲಿ ಜೋಡಿಸಿಕೊಂಡಿದ್ದ ಇಂಗ್ಲಿಷ್ ಕನ್ನಡ ಎಲ್ಲ ಮರೆತುಹೋಯಿತು. ಕಿಟಕಿಯ ಕೆಳಗಿನ ಸೀಳಿಗೆ ಬಾಯಿ ತಂದು, “ಸುಜಾತಾ, ಅವತ್ತು ಆ ತಾರೀಖು ನಾನು ತಪ್ಪು ಹೊಡದಿದ್ದೆ. ನಿಂದೇನೂ ತಪ್ಪಿರಲಿಲ್ಲ,” ಎಂದೆ. “ದೀಪಾವಳಿಗೇ ನನಗ ಗೊತ್ತಾಗಿತ್ತು. ನಾನು ಹೇಳಲಿಲ್ಲ.”

ಅವಳು ಪರದೆಯ ಕಡೆ ನೋಡುತ್ತ ಏನೋ ಒತ್ತಿದಳು. ಯಂತ್ರ ಸದ್ದೇ ಮಾಡಲಿಲ್ಲ, ಈಗಿನವು ಕೂಗುವುದಿಲ್ಲ.

“ನಂಗ ಗೊತ್ತಿತ್ರಿ,” ಎಂದಳು.

“ಯಾವಾಗಿಂದ?”

“ಅವತ್ತ. ನೀವು ಬಗ್ಗಿ ತಾರೀಖ ಹೊಡಿಯೂವಾಗ ನಾ ಬಾಗಲದಾಗ ನಿಂತಿದ್ನೆಲ್ರಿ. ಆಮ್ಯಾಲ ಫೈಲ್ ತೋರಿಸಿದ್ರಿ, ಕೂಡ್ಲೇ ಹೊಳೀತು. ನಾ ಹೇಳಿದ್ನೆಲ್ರಿ, ಎರಡ ಸಲ ಕೂಗಿತ್ತಂತ.” ಪ್ರಿಂಟಾದ ಚೀಟಿ ಹರಿದು ತೆಗೆಯುತ್ತ, “ಇನ್ನೂ ಬಿಡಿಸಿ ಹೇಳಿದ್ರ ಸಾವ್ಕಾರ್ರ ಮುಂದ ನಿಮ್ಮ ಮಾರಿ ಏನ್ ಉಳೀತಿತ್ರಿ ಅಕ್ಕೋರ? ನಂದರ ಯಾರು ನಂಬತಿದ್ರು?” ಎಂದಳು.

ಹಾಗಾದರೆ ಆ ಜನವರಿಯಲ್ಲಿ ನನ್ನ ಪಾದ ಮುಟ್ಟುವಾಗ ಅವಳಿಗೆ ಎಲ್ಲ ಗೊತ್ತಿತ್ತು. ನಾನು ಕ್ಷಮಿಸೇವಿ ಎನ್ನುತ್ತಿದ್ದಾಗ, ಗೊತ್ತಿದ್ದೂ ಬಗ್ಗಿದಳು. ಸರ್ಟಿಫಿಕೇಟಿಗಾಗಿ ಬಗ್ಗಿದಳೋ, ನನ್ನನ್ನು ಒಳಗೇ ಹಂಗಿಸುತ್ತ ಬಗ್ಗಿದಳೋ, ಇಷ್ಟು ವರ್ಷ ಮಾಡಿದ ಸಂಶಯಗಳಲ್ಲಿ ಇದೊಂದನ್ನು ನಾನು ಮಾಡಿಯೇ ಇರಲಿಲ್ಲ. ಕೇಳಲೇ ಎಂದುಕೊಂಡೆ. ಕೇಳಲಿಲ್ಲ.

ಬ್ಯಾಗಿನಿಂದ ಬನ್ನಿ ತೆಗೆದು ಸೀಳಿನೊಳಗೆ ಚಾಚಿದೆ. ಹಿಂದಿನ ಟ್ರ್ಯಾಕ್ಟರಿನವನು ಹಾರ್ನ್ ಹೊಡೆದ. ಅವಳು ಎಲೆಯನ್ನು ನೋಡಿದಳು. ಕೈ ಚಾಚಿ ತೆಗೆದುಕೊಂಡಳು. ಕೀಬೋರ್ಡಿನ ಪಕ್ಕದಲ್ಲಿಟ್ಟಳು.

“ಪಾಳಿ ನಿಂತೇತ್ರಿ ಅಕ್ಕೋರ,” ಎಂದಳು.

ಕಾರಿನ ಹತ್ತಿರ ಬಂದು ತಿರುಗಿ ನೋಡಿದೆ. ಮುಂದಿನ ಗಾಡಿಯವನಿಗೆ ತಾರೀಖು ಓದಿ ಹೇಳುತ್ತಿದ್ದಳು. ಈ ಸಲ ಅವಳು ಕುರ್ಚಿಯಿಂದ ಏಳಲಿಲ್ಲ, ನನ್ನ ಕಾಲು ಮುಟ್ಟಲಿಲ್ಲ. ಅವಳು ಏನನ್ನೂ ಮುಚ್ಚಿಡುತ್ತಿಲ್ಲ ಎಂದು ನನಗೆ ಅನುಮಾನವಿಲ್ಲದೆ ಅನ್ನಿಸಿದ್ದು ಅದೊಂದೇ ಸಲ. ಮತ್ತೆ ಅವಳನ್ನು ನಾನು ನೋಡಿಲ್ಲ.